ಡ್ಯೂಟಿ ಹೊತ್ತಿನ ನೋವು

ಎದೆನೋವು ಬಂದದ್ದನ್ನು ಲಿಫ್ಟಿನ ದಿನಚರಿ ಪುಸ್ತಕದಲ್ಲಿ ಬರೆದಿಟ್ಟ ಮೆಕ್ಯಾನಿಕ್ ಆ ಕಂಪನಿಯ ಚರಿತ್ರೆಯಲ್ಲಿ ಇವಳೊಬ್ಬಳೇ ಇರಬೇಕು. ಬೇರೆ ಯಾರಾದರೂ ಆಗಿದ್ದರೆ ಒಂದು ಲೋಟ ನೀರು ಕುಡಿದು, ಎದೆ ನೀವಿಕೊಂಡು, ಬಾಯಿ ಮುಚ್ಚಿಕೊಂಡು ಕೆಲಸ ಮುಂದುವರಿಸುತ್ತಿದ್ದರು. ಎಲ್ಲರ ಬಾಯಲ್ಲಿ ಲಿಫ್ಟಕ್ಕ ಆಗಿದ್ದ ಇವಳಿಗೆ ಅದು ಬಾರದ ವಿದ್ಯೆ. ಹನ್ನೊಂದು ಮಹಡಿಯ ಕಚೇರಿ ಕಟ್ಟಡ, ಬೆಳಿಗ್ಗೆ ಏಳು ಗಂಟೆ ಐದು ನಿಮಿಷ. ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತು ಉಕ್ಕಿನ ಹಗ್ಗ ಸವರಿ ನೋಡುತ್ತಿದ್ದವಳಿಗೆ ಎದೆಯ ನಟ್ಟನಡುವೆ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಕೆಂಪು ಗುಂಡಿ ಒತ್ತಿ ಲಿಫ್ಟು ನಿಲ್ಲಿಸಿದಳು. ಕೂತಳು. ಅದು ಹೋಗುವವರೆಗೆ ಕಾದಳು. ಆಮೇಲೆ ಇಳಿದು ಬಂದು ಪುಸ್ತಕ ಬಿಡಿಸಿ ಬರೆದಳು: "ಲಿಫ್ಟು ನಿಂತ ಅವಧಿ ಎಂಟು ನಿಮಿಷ. ಕಾರಣ: ಮೆಕ್ಯಾನಿಕ್‌ಗೆ ಎದೆನೋವು, ಐದನೇ ಸಲ." ಕೆಳಗೆ ಸಹಿ ಬೇರೆ.

ಇಂಥ ನಿಯತ್ತಿಗೆ ಬಹುಮಾನ ಸಿಗುವುದು ಮಕ್ಕಳ ಪಾಠದಲ್ಲಿ ಮಾತ್ರ. ಮೇಲ್ವಿಚಾರಕ ಆ ಪುಟ ಓದಿದ, ಹಿಂದಿನ ಪುಟಗಳನ್ನು ತಿರುವಿದ, ಅಲ್ಲೂ ನಾಲ್ಕು ಕಡೆ ಅದೇ ಕಾರಣ ಕಂಡು ಹಣೆ ಚಚ್ಚಿಕೊಂಡ.

"ಐದನೇ ಸಲ ಅಂತ ಬರ್ದಿದ್ದೀಯಲ್ಲಮ್ಮ!"

"ಐದನೇ ಸಲ ಬಂತು, ಐದು ಅಂತ ಬರ್ದೆ. ನಾಲ್ಕು ಅಂತ ಬರೀಬೇಕಿತ್ತಾ?"

"ಬರೀಲೇಬಾರ್ದಿತ್ತು! ಈಗ ನಾನು ಓದಿಬಿಟ್ಟೆನಲ್ಲ, ಏನ್ಮಾಡ್ಲಿ? ನೀನು ಅಲ್ಲಿಂದ ಬಿದ್ರೆ ನಾಳೆ ನನ್ನ ಕೇಳ್ತಾರೆ, ಗೊತ್ತಿದ್ದೂ ಯಾಕೆ ಹತ್ತಿಸಿದೆ ಅಂತ."

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದೇ ಲಿಫ್ಟಕ್ಕನಿಗೆ ಹೆಚ್ಚು ಸಿಟ್ಟು ತಂದ ಸಂಗತಿ. ಕಂಪನಿಯ ಡಾಕ್ಟರು 'ಯೋಗ್ಯಳು' ಎಂದು ಚೀಟಿ ಬರೆದುಕೊಡುವವರೆಗೆ ಅವಳು ಲಿಫ್ಟು ಓಡಾಡುವ ಬಾವಿಗೆ ಇಳಿಯುವಂತಿಲ್ಲ, ಅದರ ನೆತ್ತಿ ಹತ್ತುವಂತಿಲ್ಲ. ಬಿಡಿಭಾಗಗಳ ಉಗ್ರಾಣದಲ್ಲಿ ಕೂತು ಪೆಟ್ಟಿಗೆಗಳ ಮೇಲೆ ಚೀಟಿ ಅಂಟಿಸಬೇಕು. ಇಪ್ಪತ್ತೆಂಟು ವರ್ಷ ಊರಿನ ಅರ್ಧ ಲಿಫ್ಟುಗಳನ್ನು ಮಕ್ಕಳ ಹಾಗೆ ನೋಡಿಕೊಂಡವಳು, ಯಾವ ಕಟ್ಟಡದ ಮೋಟಾರು ಯಾವ ರಾಗದಲ್ಲಿ ಗೊಣಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳು, ಈಗ ಅಂಟಿನ ಬಾಟಲಿ ಹಿಡಿದು ಕೂರಬೇಕು. ಆ ಕೆಲಸವೇ ಅವಳ ಬದುಕು. ಗಂಡ ತೀರಿಕೊಂಡ ಮೇಲೆ ಅವಳನ್ನು ನಿಲ್ಲಿಸಿದ್ದೂ ಅದೇ. ಉಳಿದ ಎಂಟು ವರ್ಷವನ್ನು ಉಗ್ರಾಣದಲ್ಲಿ ಕಳೆಯುವ ಯೋಚನೆ ಎದೆನೋವಿಗಿಂತ ಕೆಟ್ಟದಾಗಿತ್ತು.

ಹಾಗಂತ ಅವಳೇನೂ ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ. "ದೋಷ ಇದೆ, ಹುಡುಕಿದ್ರೆ ಸಿಗುತ್ತೆ," ಎಂದು ಮನೆಯಲ್ಲಿ ಜೊತೆಗಿದ್ದ ಅಮ್ಮನಿಗೆ ಹೇಳಿ ಡಾಕ್ಟರುಗಳ ದಂಡಯಾತ್ರೆಗೆ ಹೊರಟಳು.

ಮೊದಲನೆಯವರು ಗ್ಯಾಸು ಅಂದರು. ಹದಿನೈದು ದಿನ ಬಿಳಿ ಔಷಧಿ ಕುಡಿದಳು. ನಾಲಿಗೆ ಕೆಟ್ಟಿತು, ನೋವು ಕೆಡಲಿಲ್ಲ. ಎರಡನೆಯವರು ಓಡುವ ಪಟ್ಟಿಯ ಮೇಲೆ ಹತ್ತಿಸಿದರು. ದಿನಕ್ಕೆ ಎಂಟು ಸಲ ಮಹಡಿ ಹತ್ತಿಳಿಯುವ ಕಾಲುಗಳು ಅವು. ಅವಳು ಓಡಿಯೇ ಓಡಿದಳು, ಪಕ್ಕದಲ್ಲಿ ನಿಂತು ನೋಡುತ್ತಿದ್ದ ನರ್ಸಿಗೇ ಸುಸ್ತಾಯಿತು. "ಮೆಟ್ಟಿಲು ಹತ್ತಿದ್ರೆ ನೋವು ಬರುತ್ತಾ? ಭಾರ ಎತ್ತಿದ್ರೆ?" ಎಂದು ಕೇಳಿದರು. ಬರುವುದಿಲ್ಲ ಎಂದು ನಿಜವನ್ನೇ ಹೇಳಿದಳು. ಮೂರನೆಯವರು ರಕ್ತನಾಳಕ್ಕೆ ಬಣ್ಣ ಬಿಟ್ಟು ಚಿತ್ರ ತೆಗೆಸಿ, ಇಪ್ಪತ್ತರ ಹುಡುಗಿಯ ನಾಳಗಳು ಎಂದು ಹೊಗಳಿ, ಆಮೇಲೆ ಕನ್ನಡಕ ತೆಗೆದು ದನಿ ತಗ್ಗಿಸಿದರು.

"ಈ ವಯಸ್ಸಲ್ಲಿ ಹೆಂಗಸರಿಗೆ ಹೀಗೆಲ್ಲ ಅನ್ಸುತ್ತೆ. ಮನಸ್ಸಿಗೆ ಏನಾದ್ರೂ ಚಿಂತೆ ಇದೆಯಾ?"

"ಇದೆ. ಎದೆನೋವಿನ ಚಿಂತೆ."

ಅವರು ನಿದ್ದೆ ಮಾತ್ರೆ ಬರೆದುಕೊಟ್ಟರು. ಅವಳು ಆ ಚೀಟಿಯನ್ನು ನಾಲ್ಕಾಗಿ ಮಡಚಿ ಅಲ್ಲಾಡುತ್ತಿದ್ದ ಊಟದ ಮೇಜಿನ ಕಾಲಿನ ಕೆಳಗೆ ಇಟ್ಟಳು. ಮೇಜು ಸರಿಹೋಯಿತು.

ಮೂರೂ ವರದಿಗಳನ್ನು ಎತ್ತಿಕೊಂಡು ಕಂಪನಿ ಡಾಕ್ಟರ ಹತ್ತಿರ ಹೋದಳು. ಆತ ಒಳ್ಳೆಯ ಮನುಷ್ಯ, ಆದರೆ ಪೆನ್ನು ಎತ್ತುವ ಮುಂಚೆ ಹತ್ತು ಸಲ ಯೋಚಿಸುವ ಜಾತಿ.

"ಎಲ್ಲದ್ರಲ್ಲೂ ಏನೂ ಇಲ್ಲ ಅಂತಿದೆ. ಹಾಗಾದ್ರೆ ಯೋಗ್ಯಳು ಅಂತ ಬರೀರಿ," ಅಂದಳು.

"ನೋವು ನಿಂತಿದೆಯಾ?"

"ಇಲ್ಲ."

"ಮತ್ತೆ ಹೇಗಮ್ಮ ಬರೀಲಿ? ಇಂಥ ಕಾಯಿಲೆ ಅಂತ ಒಂದು ಹೆಸರಿದ್ರೆ, ಅದಕ್ಕೆ ಔಷಧಿ ತಗೋತಿದ್ದಾಳೆ, ಹತೋಟಿಲಿದೆ ಅಂತ ಬರೀಬಹುದು. ನೋವೇ ಇಲ್ಲ ಅಂದ್ರೂ ಬರೀಬಹುದು. ನೋವಿದೆ, ಕಾರಣ ಗೊತ್ತಿಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ."

ಹೊರಗೆ ಬೆಂಚಿನ ಮೇಲೆ ಗ್ರೀಸು ಕಾಯುತ್ತಿದ್ದ. ಹದಿನಾಲ್ಕು ವರ್ಷದಿಂದ ಅವಳ ಜೊತೆಗಾರ. ಅವಳು ಲಿಫ್ಟಿನ ನೆತ್ತಿಯ ಮೇಲಿದ್ದರೆ ಅವನು ಮೇಲಿನ ಮೋಟಾರು ಕೋಣೆಯಲ್ಲಿ ಇರುತ್ತಿದ್ದ. ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗದ್ದರಿಂದ ಅವನಿಗೆ ಆ ಹೆಸರು. ಈಗ ಅವನಿಗೆ ಹೊಸ ಜೊತೆಗಾರನನ್ನು ಕೊಟ್ಟಿದ್ದರು, ಆ ಪುಣ್ಯಾತ್ಮ ದಿನವಿಡೀ ಶಿಳ್ಳೆ ಹಾಕುತ್ತಿದ್ದನಂತೆ.

"ನೋವಿಲ್ಲ ಅಂದ್ಬಿಡು," ಅಂದ ಗ್ರೀಸು. "ಒಂದು ಮಾತು. ನಿನ್ನ ಗಂಟೇನು ಹೋಗುತ್ತೆ?"

"ನೀನು ಕಾರಣ ಸಿಗದ ಲಿಫ್ಟಿಗೆ ದೋಷವಿಲ್ಲ ಅಂತ ಸಹಿ ಹಾಕ್ತೀಯಾ?"

ಹಾಕುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹಿಂದೊಮ್ಮೆ ಒಂದು ವಸತಿ ಕಟ್ಟಡದ ಲಿಫ್ಟು ಯಾವಾಗೆಂದರೆ ಆವಾಗ ಬಾಗಿಲು ಮುಚ್ಚದೆ ಮುಷ್ಕರ ಹೂಡುತ್ತಿತ್ತು, ಮೆಕ್ಯಾನಿಕ್ ಬಂದ ಕೂಡಲೇ ಸಾಧುವಾಗುತ್ತಿತ್ತು. ಮೂವರು ಬಂದು 'ದೋಷವಿಲ್ಲ' ಎಂದು ಬರೆದು ಹೋದರು. ಲಿಫ್ಟಕ್ಕ ಒಂದು ಸ್ಟೂಲು ತಂದು ಅದರೊಳಗೇ ಕೂತಳು, ಬೆಳಿಗ್ಗೆಯಿಂದ ಸಂಜೆವರೆಗೆ ಮೇಲೆ ಕೆಳಗೆ ಓಡಾಡಿದಳು. ಎದುರು ಮನೆಯವರು ಮಧ್ಯಾಹ್ನ ಕಿಟಕಿ ತೆರೆದಾಗ ಅದರ ಗಾಜಿನ ಬಿಸಿಲು ಯಾರಾದರೂ ಅಡ್ಡ ಬಂದರೆ ಬಾಗಿಲು ತಡೆಯುವ ವಿದ್ಯುತ್ ಕಣ್ಣಿಗೆ ಹೊಡೆಯುತ್ತಿದ್ದದ್ದು ಎರಡನೇ ದಿನ ಸಿಕ್ಕಿತು. ಅಂಥವಳು ತನ್ನ ಎದೆಯ ವಿಷಯದಲ್ಲಿ ಸುಳ್ಳು ಸಹಿ ಹಾಕುವುದುಂಟೆ?

ನಾಲ್ಕನೆಯ ಡಾಕ್ಟರು ಹೆಂಗಸು, ಹೃದಯದ ಡಾಕ್ಟರಮ್ಮ. ಅವಳಿಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಮಾತು ಕಡಿಮೆ, ಕೇಳುವುದು ಜಾಸ್ತಿ. ಲಿಫ್ಟಕ್ಕನಿಗೆ ಅಲ್ಲೇ ಅರ್ಧ ನಂಬಿಕೆ ಬಂತು. "ನೋವು ಬಂದಾಗಲೇ ಹಿಡೀಬೇಕು," ಎಂದು ಡಾಕ್ಟರಮ್ಮ ಹೇಳಿದಾಗ ಇನ್ನರ್ಧವೂ ಬಂತು. ಬೆಂಕಿಪೊಟ್ಟಣದಷ್ಟಿದ್ದ ಒಂದು ಯಂತ್ರ ಕೊಟ್ಟರು. ಎದೆಗೆ ಅಂಟಿಸಿಕೊಂಡಿದ್ದರೆ ಹೃದಯದ ಗೆರೆಯನ್ನು ತಾನೇ ಬರೆದುಕೊಳ್ಳುತ್ತದೆ.

"ಎರಡು ದಿನ ಹಾಕ್ಕೊಂಡಿರಿ. ಮಾಮೂಲಿ ಕೆಲಸ ಎಲ್ಲಾ ಮಾಡಿ. ಸ್ನಾನಕ್ಕೆ ಮಾತ್ರ ತೆಗೆದು ಮತ್ತೆ ಅಂಟಿಸ್ಕೊಳ್ಳಿ," ಅಂದಳು ನರ್ಸು, ಒಂದು ಹಿಡಿ ಅಂಟುಪಟ್ಟಿಗಳನ್ನೂ ಕೊಟ್ಟಳು.

ಲಿಫ್ಟಕ್ಕ ಎರಡು ದಿನದ ಬದಲು ಆರು ದಿನ ಹಾಕಿಕೊಂಡಳು. ಯಾರೂ ಹೇಳದೆ, ತನ್ನ ಕೈಯಿಂದಲೇ ನಾಲ್ಕು ದಿನ ಸೇರಿಸಿ! ಬೆಳಿಗ್ಗೆ ಏಳಕ್ಕೆ ಉಗ್ರಾಣದ ಬಾಗಿಲಲ್ಲಿ ಅಂಟಿಸಿಕೊಳ್ಳುವುದು, ಮಧ್ಯಾಹ್ನ ಮೂರಕ್ಕೆ ಡ್ಯೂಟಿ ಮುಗಿದಾಗ ಬಿಚ್ಚುವುದು, ಮನೆಗೆ ಬಂದು ಗುರುತಿನ ಚೀಟಿಯ ಪಕ್ಕದ ಮೊಳೆಗೆ ಜೋಪಾನವಾಗಿ ನೇತುಹಾಕುವುದು. ಲಿಫ್ಟಿನವರ ಕೆಲಸದಲ್ಲಿ ಅಳೆಯುವ ಯಂತ್ರವನ್ನು ಯಾರೂ ಮನೆಯಲ್ಲಿ ಆಡಿಸುವುದಿಲ್ಲ. ಓಡುವ ಲಿಫ್ಟಿಗೆ ಕಟ್ಟುತ್ತಾರೆ, ಲಿಫ್ಟು ಬಂದ್ ಆದಮೇಲೆ ಬಿಚ್ಚುತ್ತಾರೆ. ಇದರಲ್ಲಿ ಕೇಳುವುದೇನಿದೆ ಎಂದು ಅವಳು ಕೇಳಲಿಲ್ಲ, ಇದರಲ್ಲಿ ಹೇಳುವುದೇನಿದೆ ಎಂದು ನರ್ಸೂ ಹೇಳಿರಲಿಲ್ಲ.

ಏಳನೇ ದಿನ ಯಂತ್ರ ಹಿಂತಿರುಗಿಸಲು ಹೋದಾಗ ಅಮ್ಮನೂ ಹಠ ಮಾಡಿ ಜೊತೆಗೆ ಬಂದಳು. ಎಪ್ಪತ್ತೊಂಬತ್ತರ ಅಮ್ಮನಿಗೆ ಮಂಡಿ ಒಂದು ಬಿಟ್ಟರೆ ಉಳಿದೆಲ್ಲವೂ ಚುರುಕು, ಅದರಲ್ಲೂ ಬಾಯಿ.

ಡಾಕ್ಟರಮ್ಮ ಪರದೆಯ ಮೇಲೆ ಗೆರೆಗಳನ್ನು ಸರಿಸಿ ಸರಿಸಿ ನೋಡಿದಳು. ಹುಬ್ಬು ಗಂಟಿಕ್ಕಿತು.

"ಎಲ್ಲಾ ಸರಿಯಾಗಿದೆ. ಆದ್ರೆ ದಿನಕ್ಕೆ ಎಂಟೇ ಗಂಟೆ ಇದೆಯಲ್ಲ, ಉಳಿದದ್ದೆಲ್ಲಿ?"

"ಉಳಿದ ಹೊತ್ತು ಮನೇಲಿರ್ತೀನಿ."

"ಯಂತ್ರ?"

"ಮೊಳೆಗೆ ಹಾಕಿರ್ತಿದ್ದೆ."

ಡಾಕ್ಟರಮ್ಮ ಅವಳನ್ನೇ ಎರಡು ಗಳಿಗೆ ನೋಡಿದಳು. "ಒಳ್ಳೇದಾಯ್ತು. ಮೊಳೆಗೆ ಎದೆನೋವಿಲ್ಲ ಅಂತಾದ್ರೂ ಗೊತ್ತಾಯ್ತು."

ಅಮ್ಮ ಕಿಸಕ್ಕನೆ ನಕ್ಕಳು. ಲಿಫ್ಟಕ್ಕನ ಕಿವಿ ಕೆಂಪಾಯಿತು. ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಅವಳ ಕೆಲಸದಲ್ಲಿ ಹೀಗೆ ಹುಳುಕು ತೆಗೆದಿರಲಿಲ್ಲ. ಮರ್ಯಾದೆ ಉಳಿಸಿಕೊಳ್ಳಲು ಅವಳು ಚೀಲದಿಂದ ದಿನಚರಿಯ ನಕಲು ತೆಗೆದು ಮೇಜಿನ ಮೇಲಿಟ್ಟಳು. ನೋಡಿ, ನೋವಿನ ಲೆಕ್ಕ ನಾನು ಹೇಗೆ ಇಟ್ಟಿದ್ದೇನೆ ಎನ್ನುವ ಹಾಗೆ.

ಡಾಕ್ಟರಮ್ಮ ಅದನ್ನು ಬೆರಳಿಟ್ಟು ಓದಿದಳು, ಒಂದು ಸಾಲನ್ನೂ ಬಿಡದೆ. ಏಳೂ ಐದು. ಏಳೂ ಹತ್ತು. ಏಳೂ ಹದಿನೈದು. ಏಳು. ಏಳೂ ಐದು.

"ನಿಮ್ಮ ಭಾರದ ಕೆಲಸ ಎಲ್ಲಾ ಎಷ್ಟು ಹೊತ್ತಿಗೆ?"

"ಹತ್ತರಿಂದ ಎರಡು. ಮೋಟಾರು ಬಿಚ್ಚೋದು, ತೂಕದ ಕಬ್ಬಿಣ ಎತ್ತೋದು."

"ಆಗ ಒಂದು ಸಲವೂ ಬಂದಿಲ್ಲ. ಬಂದದ್ದೆಲ್ಲ ಬೆಳಿಗ್ಗೆ, ಡ್ಯೂಟಿ ಶುರುವಾಗೋ ಹೊತ್ತಿಗೆ. ಕೆಲಸ ಮಾಡಿ ಬಂದದ್ದಲ್ಲ, ಕೆಲಸಕ್ಕೆ ಮುಂಚೆ ಶುರುವಾದದ್ದರ ಬಾಲ ಇದು." ಅವಳು ಕಾಗದ ಕೆಳಗಿಟ್ಟಳು. "ಏಳಕ್ಕಿಂತ ಮುಂಚೆ ಬಂದದ್ದನ್ನ ಎಲ್ಲಿ ಬರ್ದಿದೀರಿ?"

"ಅದು ಡ್ಯೂಟಿ ಹೊತ್ತಲ್ಲವಲ್ಲ."

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ವಿಚಿತ್ರವಾಗಿ ಕೇಳಿತು. ಬೆಳಗಿನ ಜಾವದ ನೋವು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೆ ನಿಂತ ಲಿಫ್ಟಿಗೆ ದೋಷ ಎಲ್ಲಿಂದ? ಓಡುವಾಗ ಕಾಣಿಸುವುದೇ ದೋಷ. ಮಲಗಿದ್ದಾಗ ಬರುವುದನ್ನು ಅವಳು ಗಾಳಿ, ಮಗ್ಗುಲು ಬದಲಿಸಿದ್ದು, ವಯಸ್ಸು, ಏನೋ ಒಂದು ಎಂದು ಲೆಕ್ಕದಿಂದ ಹೊರಗಿಟ್ಟಿದ್ದಳು. ಡಾಕ್ಟರುಗಳೂ ಮೆಟ್ಟಿಲನ್ನೇ ಕೇಳಿದ್ದರು, ಮಂಚವನ್ನು ಯಾರೂ ಕೇಳಿರಲಿಲ್ಲ.

"ಆಗೊಂದು ಈಗೊಂದು," ಅಂದಳು, ಸ್ವಲ್ಪ ಮೆತ್ತಗೆ.

"ಆಗೊಂದು ಈಗೊಂದಾ?" ಮೂಲೆಯ ಕುರ್ಚಿಯಿಂದ ಅಮ್ಮ ಅಂದಳು. "ಡಾಕ್ಟರಮ್ಮ, ಇವಳ ಮಾತು ಕೇಳ್ಬೇಡಿ. ಕಳೆದ ಆರು ದಿನದಲ್ಲಿ ಮೂರು ಸಲ. ನಾಲ್ಕೂವರೆ ಐದರ ಹೊತ್ತಿಗೆ ಎದ್ದು ಕೂರ್ತಾಳೆ, ಎದೆ ಹಿಡ್ಕೋತಾಳೆ, ಉಸಿರು ಬಿಗಿ ಹಿಡೀತಾಳೆ. ಆಮೇಲೆ ಸೆರಗಲ್ಲಿ ಬೆವರು ಒರ್ಸ್ಕೊಂಡು ಮಲಗ್ತಾಳೆ. ಐದು ತಿಂಗಳಿಂದ ನೋಡ್ತಿದ್ದೀನಿ."

ಲಿಫ್ಟಕ್ಕ ತಿರುಗಿ ಅಮ್ಮನನ್ನು ನೋಡಿದಳು. ಒಂದೇ ಕೋಣೆ, ಎರಡು ಮಂಚ, ನಡುವೆ ಒಂದು ಮೊಳ ಜಾಗ. ಅಮ್ಮ ಪ್ರತಿ ಸಲವೂ ಗೋಡೆಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ನಿಧಾನ ಉಸಿರಾಡುತ್ತ ಮಲಗಿರುತ್ತಿದ್ದಳು.

"ನೀನು ನಿದ್ದೆ ಮಾಡ್ತಿದ್ದೆಯಲ್ಲಮ್ಮ!"

"ಮಾಡ್ತಿದ್ದೆ, ನಿನ್ನ ತಲೆ!"

"ಮತ್ತೆ ಎದ್ದು ಕೇಳ್ಬಾರ್ದಿತ್ತಾ?"

"ಮೊದಲನೇ ದಿನ ಎದ್ದೆ. ನೆನಪಿಲ್ವಾ? ಏನೇ ಅದು ಅಂದೆ. ನೀನು ಏನಿಲ್ಲ ಅಂತ ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡೆ. ಹೊರಗೆ ನಿಂತು ನನಗೆ ಜೀವ ಹೋಗಿ ಜೀವ ಬಂತು." ಅಮ್ಮನ ದನಿ ಈಗ ಮೊದಲಿನ ಹಾಗಿರಲಿಲ್ಲ. "ನಾನು ಎಚ್ಚರ ಇದ್ದದ್ದು ಗೊತ್ತಾದ್ರೆ ನೀನು ಬಾಗಿಲ ಆ ಕಡೆ ಹೋಗ್ತೀಯ. ಮಲಗಿದ ಹಾಗಿದ್ರೆ ಕಣ್ಣೆದುರಿಗಾದ್ರೂ ಇರ್ತೀಯ. ಅದಕ್ಕೆ ಸುಮ್ನೆ ಬಿದ್ದಿರ್ತಿದ್ದೆ. ನೀನು ಮತ್ತೆ ಮಲಗಿದ ಮೇಲೆ ಉಸಿರು ಎಣಿಸ್ತಿದ್ದೆ."

ಲಿಫ್ಟಕ್ಕನ ಕಣ್ಣು ತುಂಬಿ ಬಂದು, ಅಳುವುದೋ ಅಮ್ಮನಿಗೆ ಬೈಯುವುದೋ ತಿಳಿಯದೆ ಅವಳು ಚೀಲದ ಜಿಪ್ಪನ್ನು ಹಾಕಿ ತೆಗೆದು ಹಾಕಿ ತೆಗೆದು ಮಾಡಿದಳು. ತನ್ನ ಸಂಕಟ ತನ್ನೊಬ್ಬಳದು ಎಂದು ಮುಚ್ಚಿಟ್ಟು ಐದು ತಿಂಗಳು ಒಬ್ಬ ಮುದುಕಿಯ ನಿದ್ದೆ ಕೆಡಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಡಾಕ್ಟರಮ್ಮ ಯಂತ್ರವನ್ನು ಮತ್ತೆ ಅವಳ ಮುಂದೆ ಸರಿಸಿದಳು. "ಈ ಸಲ ಮೊಳೆ ಬೇಡ. ಅಮ್ಮಾ, ನೀವು ನೋಡ್ಕೊಳ್ಳಿ."

ಅಮ್ಮ ನೋಡಿಕೊಂಡಳು ಎಂದರೆ ಸಾಲದು, ಕಾವಲು ಕೂತಳು. ಸ್ನಾನಕ್ಕೆ ಬಿಚ್ಚಿದರೆ ಬಚ್ಚಲ ಬಾಗಿಲಲ್ಲೇ ಅಂಟುಪಟ್ಟಿ ಹಿಡಿದು ನಿಂತಿರುತ್ತಿದ್ದಳು. ಒಂದೊಂದು ನೋವನ್ನೂ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಿಂದ ಬರೆದಿಟ್ಟಳು, ಹೊತ್ತು, ನಿಮಿಷ, ಬೆವರು ಇತ್ತೋ ಇಲ್ಲವೋ ಸಮೇತ. ಆ ಅಚ್ಚುಕಟ್ಟನ್ನು ನೋಡಿ, ತನಗೆ ಈ ಬುದ್ಧಿ ಎಲ್ಲಿಂದ ಬಂತೆಂದು ಲಿಫ್ಟಕ್ಕನಿಗೆ ಐವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು.

ನಾಲ್ಕು ದಿನದ ಗೆರೆ ಪರದೆಯ ಮೇಲೆ ಬಂತು. ಎರಡನೆಯ ಬೆಳಗಿನ ನಾಲ್ಕೂ ಐವತ್ತರ ಹತ್ತಿರ ಡಾಕ್ಟರಮ್ಮನ ಬೆರಳು ನಿಂತಿತು. ಅಲ್ಲಿವರೆಗೆ ಒಂದೇ ತೆರನಾಗಿ ಬಂದ ಗೆರೆ ಅಲ್ಲಿ ಹೆಗಲೇರಿಸಿ ನಿಂತಿತ್ತು. ಏಳು ನಿಮಿಷ. ಆಮೇಲೆ ಏನೂ ಆಗದವರ ಹಾಗೆ ಕೆಳಗಿಳಿದಿತ್ತು. ಅಮ್ಮನ ಪೆನ್ಸಿಲಿನ ಲೆಕ್ಕವೂ ಏಳು ನಿಮಿಷವೇ.

"ಸಿಕ್ತು!" ಎಂದು ಲಿಫ್ಟಕ್ಕ ಮೇಜು ಗುದ್ದಿದಳು. ಹೊರಗಿನಿಂದ ನರ್ಸು ಇಣುಕಿ ನೋಡಿದಳು.

"ಹೃದಯದ ಕಾಯಿಲೆ ಸಿಕ್ಕಿದ್ರೆ, ಲಾಟರಿ ಹೊಡೆದ ಹಾಗೆ ಕುಣೀತಾಳಲ್ಲ," ಎಂದು ಅಮ್ಮ ಗದರಿದಳು.

ಡಾಕ್ಟರಮ್ಮ ಬಿಡಿಸಿ ಹೇಳಿದಳು. ನಾಳದಲ್ಲಿ ಏನೂ ಕಟ್ಟಿಕೊಂಡಿಲ್ಲ, ಆದರೆ ಅದು ಆಗಾಗ ಮುಷ್ಟಿ ಬಿಗಿದ ಹಾಗೆ ತಾನಾಗಿಯೇ ಬಿಗಿಯುತ್ತದೆ. ಹೆಚ್ಚಾಗಿ ಬೆಳಗಿನ ಜಾವ, ಸುಮ್ಮನಿದ್ದಾಗ, ಚಳಿಯಿದ್ದರೆ ಇನ್ನಷ್ಟು. ಓಡಿಸಿದರೆ ಕಾಣುವುದಿಲ್ಲ, ಬಿಗಿಯದ ಹೊತ್ತಿನಲ್ಲಿ ಚಿತ್ರ ತೆಗೆದರೂ ಕಾಣುವುದಿಲ್ಲ. ತಮಾಷೆಯ ಕಾಯಿಲೆಯಲ್ಲ, ಬಿಟ್ಟರೆ ಜೀವಕ್ಕೆ ಎರವಾಗಬಹುದು, ಆದರೆ ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ. ಲಿಫ್ಟಿನ ಬಾವಿಯ ದೂಳಿಗೆ ಮೂಗು ಕಟ್ಟಿದಾಗಲೆಲ್ಲ ಅವಳು ನುಂಗುತ್ತಿದ್ದ ಶೀತದ ಮಾತ್ರೆಯೂ ನಾಳವನ್ನು ಬಿಗಿಯುವಂಥದ್ದೇ. ಅದನ್ನು ಡಾಕ್ಟರಮ್ಮ ಕೇಳಿ ತಿಳಿದುಕೊಂಡು ಅಲ್ಲೇ ಕಸದ ಬುಟ್ಟಿಗೆ ಹಾಕಿಸಿದಳು. ಮೂರು ತಿಂಗಳು ನೋಡೋಣ, ಆಮೇಲೆ ಕಂಪನಿಗೆ ಕಾಗದ ಕೊಡುತ್ತೇನೆ ಅಂದಳು.

ಮೂರು ತಿಂಗಳು ಕಳೆದವು. ಆ ಕಾಗದ ಹಿಡಿದು ಲಿಫ್ಟಕ್ಕ ಕಂಪನಿ ಡಾಕ್ಟರ ಬಾಗಿಲಿಗೆ ಬಂದಾಗ ಗ್ರೀಸು ಅವಳಿಗಿಂತ ಮುಂಚೆಯೇ ಬಂದು ಬೆಂಚು ಕಾಯುತ್ತಿದ್ದ.

"ಈಗಂತೂ ಕಾಯಿಲೆ ಹೆಸರೂ ಇದೆ, ಕಾಗದವೂ ಇದೆ. ಕೇಳಿದ್ರೆ ನೋವಿಲ್ಲ ಅನ್ನು. ಆ ಶಿಳ್ಳೆಯವನ ಜೊತೆ ಇನ್ನೊಂದು ವಾರ ಇದ್ರೆ ನನಗೇ ಎದೆನೋವು ಬರುತ್ತೆ."

ಒಳಗೆ ಕಂಪನಿ ಡಾಕ್ಟರು ಕಾಗದವನ್ನು ಎರಡು ಸಲ ಓದಿದರು. ಪೆನ್ನು ಎತ್ತಿದರು. ಲಿಫ್ಟಕ್ಕನ ಎದೆ ಡವಡವ ಎನ್ನುತ್ತಿತ್ತು, ಅದು ಕಾಯಿಲೆಯದಲ್ಲ.

"ಮಾತ್ರೆ ಶುರುವಾದ ಮೇಲೆ ನೋವು ಬಂದಿತ್ತಾ?"

ಇಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ನಿಜ ಹೇಳಬೇಕೆಂದರೆ, ಆ ಕ್ಷಣ ಅವಳು ಅದನ್ನು ಹೇಳಿಯೇಬಿಡುತ್ತಿದ್ದಳು.

"ಒಂದು ಸಲ," ಅಂದಳು. "ಹನ್ನೆರಡು ದಿನದ ಹಿಂದೆ. ಬೆಳಿಗ್ಗೆ ಐದೂ ಹತ್ತು. ನಾಲಿಗೆ ಕೆಳಗೆ ಮಾತ್ರೆ ಇಟ್ಟೆ. ಮೂರು ನಿಮಿಷದಲ್ಲಿ ಹೋಯ್ತು."

ಪೆನ್ನು ಮೇಜಿನ ಮೇಲೆ ಕೂತಿತು. "ಒಬ್ಬರೇ ಇದ್ರಾ?"

"ಇಲ್ಲ. ಅಮ್ಮನ್ನ ಕರೆದೆ."

ಅದು ಹೇಳಿದಷ್ಟು ಸುಲಭವಾಗಿರಲಿಲ್ಲ. ಆ ಬೆಳಿಗ್ಗೆ ಎದ್ದು ಕೂತವಳು ಹಳೆಯ ಚಾಳಿಯಂತೆ ಸದ್ದಾಗದ ಹಾಗೆ ಕಾಲು ಕೆಳಗಿಟ್ಟಿದ್ದಳು, ಬಚ್ಚಲ ಕಡೆ ಹೊರಡಲು. ಮತ್ತೆ ಅಲ್ಲೇ ಕೂತು, ನಾಲ್ಕು ದಶಕದಿಂದ ಆ ದನಿಯಲ್ಲಿ ಕರೆಯದವಳು, "ಅಮ್ಮಾ, ಬಂತು," ಅಂದಳು. ಗೋಡೆಗೆ ಬೆನ್ನು ಹಾಕಿದ್ದ ಅಮ್ಮ ಎದ್ದು ಬಂದು ಅವಳನ್ನು ಒರಗಿಸಿಕೊಂಡಳು. ನೋವು ಹೋದ ಮೇಲೂ ಇಬ್ಬರೂ ಹಾಗೇ ಕೂತಿದ್ದರು, ಕಿಟಕಿ ಬೆಳ್ಳಗಾಗುವವರೆಗೆ.

ಕಂಪನಿ ಡಾಕ್ಟರು ಗಲ್ಲ ಕೆರೆದುಕೊಂಡರು. "ಲಿಫ್ಟಿನ ಮೇಲೆ ನಿಂತಾಗ ಬಂದ್ರೆ?"

"ಗುಂಡಿ ಒತ್ತಿ ನಿಲ್ಸಿ, ಕೂತ್ಕೊಂಡು, ಗ್ರೀಸುನ ಕರೀತೀನಿ. ಮಾತ್ರೆ ಜೇಬಲ್ಲಿರುತ್ತೆ."

"ಕರೀತೀರಾ?"

"ಕರೀತೀನಿ," ಅಂದಳು. "ಈಗ ಕರೆಯೋದು ಕಲ್ತಿದ್ದೀನಿ."

ಅವರು ಅವಳ ಮುಖವನ್ನು ಚೆನ್ನಾಗಿ ನೋಡಿದರು. ಈ ಸಲ ಹತ್ತು ಸಲ ಯೋಚಿಸಲಿಲ್ಲ, ಮೂರೋ ನಾಲ್ಕೋ ಸಲ ಯೋಚಿಸಿರಬೇಕು. ಆಮೇಲೆ ಬರೆದರು.

ಹೊರಗೆ ಬಂದಾಗ ಗ್ರೀಸು ಎದ್ದು ನಿಂತ. "ಇಲ್ಲ ಅಂದೆ ತಾನೆ?"

"ಬಂದಿತ್ತು ಅಂದೆ."

ಗ್ರೀಸು ದೊಪ್ಪನೆ ಬೆಂಚಿನ ಮೇಲೆ ಕುಸಿದ, ಎರಡು ಕೈಯಲ್ಲಿ ತಲೆ ಹಿಡಿದುಕೊಂಡ. "ನಿನ್ನ ನಾಲಿಗೆಗೆ ಬೆಂಕಿ ಹಾಕ! ಒಂದು ಮಾತು, ಒಂದೇ ಒಂದು ಮಾತು ಕೇಳ್ಕೊಂಡೆನಲ್ಲೇ!" ಲಿಫ್ಟಕ್ಕ ಅವನನ್ನು ಇನ್ನೂ ಸ್ವಲ್ಪ ಬೈಯಲು ಬಿಟ್ಟಳು. ಆಮೇಲೆ 'ಯೋಗ್ಯಳು' ಎಂದು ಬರೆದ ಚೀಟಿಯನ್ನು ಅವನ ಮೂಗಿನ ಮುಂದೆ ಹಿಡಿದಳು. ಅವನು ಓದಿದ, ಕಪ್ಪು ಉಗುರಿನ ಬೆರಳನ್ನು ಅಕ್ಷರಗಳ ಕೆಳಗೆ ಸರಿಸುತ್ತ ಮತ್ತೊಮ್ಮೆ ಓದಿದ, ಓದಿ ಮುಗಿದ ಮೇಲೂ ತಲೆ ಎತ್ತಲಿಲ್ಲ. ಅವನು ಅಳುತ್ತಿರುವುದು ಗೊತ್ತಾಗಿ ಅವಳು ಪಕ್ಕದಲ್ಲಿ ಕೂತಳು, ಮತ್ತು ಈ ಸಲ ತನ್ನ ಅಳುವನ್ನೂ ತಡೆದುಕೊಳ್ಳಲಿಲ್ಲ.